ಅಂಗೈ ಮೇಲೆ ಕೂರುವ ತಾರೆ: ಮುಖ ಚೆಂದ, ತಳದಲ್ಲಿ ತಕರಾರು

ಧ್ಯಾನಕ್ಕೆ ಕೂರುವ ಮೂಲೆಯಲ್ಲಿ ಇಡೋಕೆ ಅಂತ ಬೌದ್ಧರ ದೇವತೆ ತಾರೆಯ 4 ಇಂಚಿನ ಮೂರ್ತಿಯೊಂದನ್ನು ಆನ್‌ಲೈನ್‌ನಲ್ಲಿ ತರಿಸಿ ಮೂರು ತಿಂಗಳಾಯ್ತು. ಡಬ್ಬದ ಮೇಲೆ ‘ಶ್ವೇತ ತಾರೆ, ತಾಮ್ರ, ನೇಪಾಳದ ಕೈಕೆಲಸ’ ಅಂತ ಬರೆದಿತ್ತು. ಬಿಚ್ಚಿದರೆ ಒಳಗೆ ಕೂತಿದ್ದು ಹಸಿರು ತಾರೆ!

ಬಣ್ಣ ನೋಡಿ ಹೇಳುತ್ತಿಲ್ಲ, ಬಣ್ಣ ಬಳಿಯದ ಲೋಹದಲ್ಲಿ ಹಸಿರೆಲ್ಲಿ, ಬಿಳಿಯೆಲ್ಲಿ. ಕಾಲು ನೋಡಬೇಕು. ಶ್ವೇತ ತಾರೆ ಎರಡೂ ಕಾಲು ಮಡಚಿ ಕೂತಿರುತ್ತಾಳೆ, ಅವಳಿಗೆ 7 ಕಣ್ಣು: ಮುಖದಲ್ಲಿ ಮೂರು, ಅಂಗೈಗಳಲ್ಲಿ ಎರಡು, ಅಂಗಾಲುಗಳಲ್ಲಿ ಎರಡು. ಹಸಿರು ತಾರೆ ಬಲಗಾಲನ್ನು ಕೆಳಗೆ ಬಿಟ್ಟು ಪುಟ್ಟ ತಾವರೆಯ ಮೇಲೆ ಊರಿರುತ್ತಾಳೆ, ಕರೆದರೆ ತಟ್ಟನೆ ಎದ್ದು ಬರುವವಳ ಹಾಗೆ. ನನಗೆ ಬಂದವಳು ಇವಳೇ. ಮಾರುವವರಿಗೇ ಈ ವ್ಯತ್ಯಾಸ ಗೊತ್ತಿಲ್ಲ ಅಂದರೆ ಬೇಜಾರಾಗುತ್ತೆ ಅಲ್ವಾ?

ಆದರೆ ಕೆಲಸ ಮಾತ್ರ ಚೆನ್ನಾಗಿದೆ. ಮೊಣಕಾಲಿನ ಮೇಲೆ ಚಾಚಿದ ಬಲಗೈ, ವರ ಕೊಡುವ ಮುದ್ರೆ, ಅಕ್ಕಿಕಾಳಿನಷ್ಟು ಸಣ್ಣ ಬೆರಳುಗಳು, ಅಷ್ಟಾದರೂ ಒಂದಕ್ಕೊಂದು ಅಂಟಿಕೊಂಡಿಲ್ಲ. ಸಣ್ಣ ಮೂರ್ತಿ ಕೊಳ್ಳುವಾಗ ಮೊದಲು ನೋಡಬೇಕಾದದ್ದು ಇದನ್ನೇ. ಫೋಟೋದಲ್ಲಿ ಎಲ್ಲ ಮುಖಗಳೂ ಚೆನ್ನಾಗಿಯೇ ಕಾಣುತ್ತವೆ, ಕೆಲಸ ಕೆಟ್ಟಿದ್ದರೆ ಬೆರಳಲ್ಲಿ ಗೊತ್ತಾಗುತ್ತೆ. ಕಠ್ಮಂಡು ಕಣಿವೆಯ ಪಾಟನ್‌ನಲ್ಲಿ ನೇವಾರ ಸಮುದಾಯದ ಕುಶಲಕರ್ಮಿಗಳು ಮೊದಲು ಮೇಣದಲ್ಲಿ ಮೂರ್ತಿ ಮಾಡಿ, ಮಣ್ಣು ಮೆತ್ತಿ ಒಣಗಿಸಿ, ಬಿಸಿ ಮಾಡಿ ಮೇಣ ಇಳಿಸಿ, ಆ ಜಾಗಕ್ಕೆ ಕಾಯಿಸಿದ ಲೋಹ ಸುರಿಯುತ್ತಾರೆ. ಆಮೇಲೆ ಅಚ್ಚು ಒಡೆಯಲೇಬೇಕು. ಹಾಗಾಗಿ ಒಂದರ ಹಾಗೆ ಇನ್ನೊಂದು ಪೂರ್ತಿ ಇರುವುದಿಲ್ಲ. ನನ್ನದರಲ್ಲಿ ಎಡ ಹುಬ್ಬು ಕೂದಲೆಳೆಯಷ್ಟು ಮೇಲಿದೆ. ಅದು ನನಗಿಷ್ಟ.

ಇನ್ನು ತಳದ ಕಥೆ. ಅಡಿಗೆ ಕೆಂಪು ಬಟ್ಟೆ ಅಂಟಿಸಿದ್ದರು. ಕಿತ್ತರೆ ಒಳಗೆಲ್ಲ ಟೊಳ್ಳು, ಎರಕದ ಸುಟ್ಟ ಕಪ್ಪು ಮಣ್ಣು ಇನ್ನೂ ಮೂಲೆಯಲ್ಲಿ ಕಚ್ಚಿಕೊಂಡಿದೆ. ಅಂಚಿನಲ್ಲಿ ಉಜ್ಜಿದ ಗೀರು ಹಳದಿ ಹೊಡೆಯುತ್ತಿದೆ, ತಾಮ್ರವಾಗಿದ್ದರೆ ಕೆಂಪಗಿರಬೇಕಿತ್ತು. ಅಂದರೆ ಹಿತ್ತಾಳೆಗೆ ಮೇಲೆ ಬಣ್ಣ ಕೊಟ್ಟಿದ್ದಾರೆ. ಹಿತ್ತಾಳೆ ಅಂತಲೇ ಹೇಳಿ ಮಾರಿದ್ದರೆ ನನ್ನದೇನೂ ತಕರಾರಿರಲಿಲ್ಲ.

ಟೊಳ್ಳು ಇರುವುದು ತಪ್ಪಲ್ಲ, ಬೇಕಾಗಿದ್ದೇ ಅದು. ಟಿಬೆಟಿನ ಸಂಪ್ರದಾಯದಲ್ಲಿ ಮಂತ್ರ ಬರೆದ ಕಾಗದವನ್ನು ಬಿಗಿಯಾಗಿ ಸುರುಳಿ ಸುತ್ತಿ, ಸುಗಂಧದ ಪುಡಿ ಜೊತೆ ಒಳಗೆ ತುಂಬಿ, ತಳಕ್ಕೆ ತಗಡು ಮುಚ್ಚುತ್ತಾರೆ. ಆ ತಗಡಿನ ಮೇಲೆ ಅಡ್ಡ ಉದ್ದ ಎರಡು ವಜ್ರಾಯುಧ ಕೆತ್ತಿರುತ್ತಾರೆ. ತುಂಬಿ, ಪೂಜೆ ಮಾಡಿ ಪ್ರತಿಷ್ಠೆ ಮಾಡಿಸುವ ತನಕ ಅದು ಬರೀ ಲೋಹ ಅಂತ ಭಾವಿಸುವವರಿದ್ದಾರೆ. ನಿಮಗೂ ಅದು ಮುಖ್ಯವಾಗಿದ್ದರೆ, ಕೊಳ್ಳುವ ಮೊದಲೇ ತಳದ ಫೋಟೋ ಕೇಳಿ. ಕಳಿಸಲ್ಲ ಅಂದರೆ ಬಿಡಿ, ಬೇರೆ ಕಡೆ ನೋಡಿ.

ಒರೆಸೋಕೆ ಒಣ ಬ್ರಷ್ ಸಾಕು. ಹುಳಿ ಹಚ್ಚಿ ತಿಕ್ಕಿದರೆ ಮೇಲಿನ ಬಣ್ಣವೇ ಹೋಗುತ್ತೆ.

ಅಂದ ಹಾಗೆ, ಎಡಗೈಯ ನೈದಿಲೆಯ ದಂಟು ದಾರಿಯಲ್ಲೇ ಬಾಗಿತ್ತು. ಅಂಗಡಿಯವರಿಗೆ ಬರೆದೆ. ವಾಪಸ್ ಕಳಿಸಿ, ಶ್ವೇತ ತಾರೆಯನ್ನೇ ಕಳಿಸುತ್ತೇವೆ ಅಂದರು. ಅಷ್ಟರಲ್ಲಿ ಎರಡು ವಾರ ಇವಳ ಮುಂದೆ ಕೂತಾಗಿತ್ತು. ಕಳಿಸಲಿಲ್ಲ. ಐದರಲ್ಲಿ ಮೂರು ಸ್ಟಾರ್, ಮೂರೂ ಆ ಬೆರಳುಗಳಿಗೆ.