‘ಇಮ್ಯುನಿಟಿ ಪುಡಿ’ ಅಂತ ಕೊಟ್ಟರೆ ಹುಷಾರು, ಹಳದಿ ಇದ್ದರಂತೂ ಮುಟ್ಟಲೇಬೇಡಿ

ಕುಂದಾಪುರ, ಕುಮಟಾ ಕಡೆ ವೆನಾಮಿ ಸಿಗಡಿ ಸಾಕುವವರು ದಯವಿಟ್ಟು ಓದಿ. ಗೊತ್ತಿರುವವರಿಗೂ ಹೇಳಿ.

ನಮ್ಮ ಹೊಂಡದಲ್ಲಿ ಸಿಗಡಿಯ ಬಿಳಿ ಹಿಕ್ಕೆ ತೇಲಲು ಶುರುವಾಗಿತ್ತು, ಅದು ರೋಗದ ಲಕ್ಷಣ. ಸಿಗಡಿ ತಿನ್ನುತ್ತಿದೆಯೇ ಅಂತ ನೋಡಲು ಇಡುವ ಚೆಕ್ ಟ್ರೇಯಲ್ಲಿ ಮೇವು ಹಾಗೇ ಉಳಿಯುತ್ತಿತ್ತು. ಯಾವಾಗಲೂ ಮೇವು ಕೊಡುವ ಡೀಲರೇ ಪೊಟ್ಟಣ ತಂದುಕೊಟ್ಟ. ‘ಇಮ್ಯುನಿಟಿ ಬೂಸ್ಟರ್, ಪೂರ್ತಿ ಹರ್ಬಲ್, ಆಂಟಿಬಯೋಟಿಕ್ ಒಂದು ಚೂರೂ ಇಲ್ಲ’ ಅಂದ. ಲೇಬಲ್ ಮೇಲೂ ಹಾಗೇ ಅಚ್ಚಾಗಿತ್ತು. ಪುಡಿ ಗಾಢ ಹಳದಿ. ಮೇವಿಗೆ ಕಲಸಿದರೆ ಬೆರಳಿಗೆ ಹತ್ತಿದ ಬಣ್ಣ ಸೋಪಿಗೂ ಹೋಗುತ್ತಿರಲಿಲ್ಲ. ಕೇಳಿದ್ದಕ್ಕೆ ‘ಅರಿಶಿನ ಅಲ್ವಾ ಸಾರ್’ ಅಂತ ನಕ್ಕ.

ಕೊಯ್ಲಿಗೆ ಮುಂಚೆ ಎಂದಿನಂತೆ ಎಂಪೆಡಾ (ಸಮುದ್ರೋತ್ಪನ್ನಗಳ ರಫ್ತು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) ಲ್ಯಾಬಿಗೆ ಸ್ಯಾಂಪಲ್ ಹೋಯಿತು. ರಿಪೋರ್ಟಿನಲ್ಲಿ ಎಓಝಡ್ ಪಾಸಿಟಿವ್! ಅಂದರೆ ಫ್ಯುರಾಜೊಲಿಡೋನ್ ಮದ್ದು ಮಾಂಸದಲ್ಲಿ ಬಿಟ್ಟುಹೋಗುವ ಅಂಶ. ಅದು ನೈಟ್ರೋಫ್ಯುರಾನ್ ಗುಂಪಿನ ಆಂಟಿಬಯೋಟಿಕ್, ಸಿಗಡಿ ಸಾಕಣೆಯಲ್ಲಿ ಪೂರ್ತಿ ನಿಷೇಧ. ಆ ಮದ್ದಿನ ಬಣ್ಣವೇ ಹಳದಿ ಅಂತ ತಿಳಿದಾಗ ಮೈಯೆಲ್ಲ ಉರಿದುಹೋಯಿತು. ಅರಿಶಿನವಂತೆ ಅರಿಶಿನ! ಎಕ್ಸ್‌ಪೋರ್ಟ್ ಕಂಪನಿಯ ಏಜೆಂಟ್ ಬದುವಿನ ಮೇಲೆ ನಿಂತು, ಅಕ್ಕಪಕ್ಕದ ಹೊಂಡದವರಿಗೆಲ್ಲ ಕೇಳುವ ಹಾಗೆ, ‘ನಿಮ್ಮ ಮಾಲು ಬೇಡ, ನೀವು ಮದ್ದು ಹಾಕಿದ್ದೀರಿ’ ಅಂದರು. ನಾಚಿಕೆಯಿಂದ ತಲೆ ಎತ್ತಲು ಆಗಲಿಲ್ಲ.

ಡೀಲರ್‌ಗೆ ಫೋನ್ ಮಾಡಿದೆ. ಮೊದಲು ‘ನಿಮ್ಮ ನೀರಲ್ಲೇ ಇತ್ತೇನೋ’ ಅಂದ. ಆಮೇಲೆ ‘ಎಲ್ಲರೂ ಹಾಕ್ತಾರೆ, ನಿಮಗೆ ಮಾತ್ರ ಯಾಕೆ ಬಂತು?’ ಅಂದ. ಆಮೇಲೆ ‘ಒಂದು ವಾರ ನಿಲ್ಲಿಸಿ ಸಾರ್, ಎಲ್ಲ ಇಳಿದುಹೋಗುತ್ತೆ.’ ಅದೂ ಸುಳ್ಳು! ಮದ್ದೇನೋ ಬೇಗ ಕರಗುತ್ತದೆ. ಆದರೆ ಅದರ ಅಂಶ ಮಾಂಸಕ್ಕೆ ಅಂಟಿಕೊಂಡು ವಾರಗಟ್ಟಲೆ ಉಳಿಯುತ್ತದೆ. ಲ್ಯಾಬ್ ಹುಡುಕುವುದೇ ಅದನ್ನು. ಬಿಲ್ ಕೊಡು ಅಂದರೆ, ‘ಅದು ಸ್ಯಾಂಪಲ್ ಪೀಸ್, ಬಿಲ್ ಎಲ್ಲಿಂದ ತರಲಿ?’ ಹಾಗಾದರೆ ದುಡ್ಡು ಎಣಿಸಿಕೊಂಡದ್ದು ಯಾವುದಕ್ಕೆ?

ಇನ್ನು ಆ ‘ಇಮ್ಯುನಿಟಿ’. ಸಿಗಡಿಗೆ ನಮ್ಮ ಹಾಗೆ ಆಂಟಿಬಾಡಿಯೇ ಇಲ್ಲ. ರಕ್ತದಲ್ಲಿರುವ ಹೀಮೋಸೈಟ್ ಕಣಗಳು, ಮೇಲಿನ ಚಿಪ್ಪು, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ, ಇವುಗಳಿಂದಲೇ ಅದು ಬದುಕಬೇಕು. ಆಂಟಿಬಯೋಟಿಕ್ ಹಾಕಿದರೆ ಆ ಒಳ್ಳೆಯ ಬ್ಯಾಕ್ಟೀರಿಯಾವೂ ಸಾಯುತ್ತವೆ, ಮದ್ದಿಗೆ ಬಗ್ಗದ ವಿಬ್ರಿಯೋ ಅನ್ನುವ ರೋಗದ ಬ್ಯಾಕ್ಟೀರಿಯಾ ಆ ಜಾಗ ಹಿಡಿಯುತ್ತದೆ. ಮೀನಿಗೂ ಒಳ್ಳೆಯದಲ್ಲ. ಆಕ್ಸಿಟೆಟ್ರಾಸೈಕ್ಲಿನ್ ಕೊಟ್ಟ ಗೆಂಡೆ ಮೀನಿನಲ್ಲಿ ಆಂಟಿಬಾಡಿ ಹುಟ್ಟುವುದು ಕಡಿಮೆಯಾಗುತ್ತದೆ ಅಂತ 1980ರ ಸುಮಾರಿಗೇ ಗೊತ್ತಾಗಿದೆ. ಬಿಳಿ ಹಿಕ್ಕೆಯ ಜೊತೆ ಜಾಸ್ತಿ ಕಾಣುವ ಇಎಚ್‌ಪಿ ಬ್ಯಾಕ್ಟೀರಿಯಾ ಅಲ್ಲವೇ ಅಲ್ಲ, ಶಿಲೀಂಧ್ರದ ಜಾತಿಯ ಪರಾವಲಂಬಿ. ಸಿಗಡಿಗೆ ಬರುವ ವೈಟ್ ಸ್ಪಾಟ್ ರೋಗ ವೈರಸ್‌ನಿಂದ. ಎರಡಕ್ಕೂ ಈ ಮದ್ದು ಹಾಕುವುದು ಸುಮ್ನೆ ದಂಡ. ಅಂಥದ್ದನ್ನು ರೋಗ ತಡೆಯುವ ಪುಡಿ ಅಂತ ಮಾರುತ್ತಾರೆ, ಎಂಥ ಧೈರ್ಯ ನೋಡಿ!

ಕೋಸ್ಟಲ್ ಅಕ್ವಾಕಲ್ಚರ್ ಅಥಾರಿಟಿಯ (ಕರಾವಳಿ ಸಿಗಡಿ ಸಾಕಣೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಪ್ರಾಧಿಕಾರ) ನೋಂದಣಿ ಇಲ್ಲದ ಪೊಟ್ಟಣ ಒಳಗೆ ಬಿಡಬೇಡಿ. ಬಿಲ್ಲಿನಲ್ಲಿ ಬ್ಯಾಚ್ ನಂಬರ್ ಬರೆಸಿ. ಒಂದು ಹಿಡಿ ಪುಡಿ ತೆಗೆದಿಡಿ, ನಾಳೆ ‘ನಮ್ಮದಲ್ಲ’ ಅನ್ನುತ್ತಾರೆ.

ಆ ಮನುಷ್ಯ ನನ್ನ ನಂಬರ್ ಬ್ಲಾಕ್ ಮಾಡಿದ್ದಾನೆ. ಪಕ್ಕದ ಹೊಂಡಕ್ಕೆ ಮಾತ್ರ ಈಗಲೂ ಹೋಗುತ್ತಾನೆ. ಈ ಸಲ ಪುಡಿಯ ಹೆಸರು ‘ಗಟ್ ಪ್ರೋಬಯೋಟಿಕ್’ ಅಂತೆ.