ಮಂಗಳೂರಿನ ಸೆಕೆಯಲ್ಲಿ ಲೇಸರ್ ಇಂಟರ್‌ಫೆರೋಮೀಟರ್: ಕೆಲವು ವರ್ಷ ಬಳಸಿದ ಮೇಲೆ ಬರೀತಿದ್ದೇನೆ

ಮೊದ್ಲೇ ಹೇಳಿಬಿಡ್ತೇನೆ, ಲೇಸರ್ ಕಿಟ್ (ಮಷಿನ್ ಟೇಬಲ್ ಹೇಳಿದಷ್ಟೇ ದೂರ ಸರೀತದಾ ಅಂತ ಬೆಳಕಿನಿಂದ ಅಳೆಯುವ ಇಂಟರ್‌ಫೆರೋಮೀಟರ್) ತಗೊಂಡ್ರೆ ಮಷಿನ್ ಸರಿಯಾಗ್ತದೆ ಅಂತ ಲೆಕ್ಕ ಹಾಕಿ ಯಾರೂ ತಗೊಳ್ಬೇಡಿ. ನಮಗೆ ಇದ್ರಿಂದ ಆದ ದೊಡ್ಡ ಉಪಕಾರ ಎಂತ ಅಂದ್ರೆ ಮಷಿನ್ ಮುಟ್ಟದೆ ಬಿಡ್ಲಿಕ್ಕೆ ಧೈರ್ಯ ಬಂದದ್ದು. ತಮಾಷೆ ಅಲ್ಲ, ಓದ್ತಾ ಹೋದ್ರೆ ಗೊತ್ತಾಗ್ತದೆ.

ನಮ್ಮದು ಬೈಕಂಪಾಡಿಯಲ್ಲಿ ಜಾಬ್ ಶಾಪ್, ಬೇರೆಯವ್ರ ಆರ್ಡರಿಗೆ ಲೋಹದ ಪೀಸ್ ಮಾಡಿಕೊಡುದು. ಕಂಪ್ಯೂಟರ್ ಹೇಳಿದ ಹಾಗೆ ಲೋಹ ಕಡಿಯುವ ಮಷಿನ್‌ಗಳು: ಟೂಲ್ ನೆಟ್ಟಗಿರುವ ಕೆಲವು ವಿಎಂಸಿ, ಟೂಲ್ ಅಡ್ಡ ಇರುವ ಒಂದು ಎಚ್‌ಎಂಸಿ, ಹೆಚ್ಚಾಗಿ ವಾಲ್ವ್ ಬಾಡಿ, ಪಂಪ್ ಹೌಸಿಂಗ್, ಮತ್ತೆ ದೊಡ್ಡ ಅಲ್ಯೂಮಿನಿಯಂ ಪ್ಲೇಟ್ ಕೆಲಸ. ಕಿಟ್ ಯಾವ ಕಂಪನಿಯದ್ದು ಅಂತ ಬರೀಲಿಕ್ಕೆ ಹೋಗುದಿಲ್ಲ, ಹೊಗಳಿದ್ರೆ ಜಾಹೀರಾತು ಅಂತೀರಿ, ಬೈದ್ರೆ ಅವ್ರ ಸೇಲ್ಸ್‌ನವ್ರು ಫೋನ್ ಮಾಡ್ತಾರೆ. ಹೇಗೂ ಒಳಗಿನ ವಿಷಯ ಹೆಚ್ಚುಕಮ್ಮಿ ಒಂದೇ. ಹೀಲಿಯಂ-ನಿಯಾನ್ ಲೇಸರ್, ತರಂಗಾಂತರ 632.8 ನ್ಯಾನೋಮೀಟರ್, ಬೀಮ್ ಸ್ಪ್ಲಿಟರ್‌ನಲ್ಲಿ ಬೆಳಕು ಎರಡಾಗ್ತದೆ, ಒಂದು ಅಲ್ಲೇ ಇರುವ ರಿಫ್ಲೆಕ್ಟರ್‌ಗೆ ಹೋಗಿ ಬರ್ತದೆ, ಇನ್ನೊಂದು ಟೇಬಲ್ ಜೊತೆ ಓಡುವ ರಿಫ್ಲೆಕ್ಟರ್‌ಗೆ ಹೋಗಿ ಬರ್ತದೆ, ಎರಡೂ ವಾಪಸ್ ಸೇರುವಾಗ ಬೆಳಕು-ಕತ್ತಲೆ ಪಟ್ಟಿ ಬರ್ತದಲ್ಲ, ಅದನ್ನು ಎಣಿಸುದು. ಟೇಬಲ್ ಅರ್ಧ ತರಂಗಾಂತರ, ಅಂದ್ರೆ ಸುಮಾರು 0.316 ಮೈಕ್ರಾನ್ (ಮೈಕ್ರಾನ್ ಅಂದ್ರೆ ಎಂಎಂನ ಸಾವಿರದಲ್ಲೊಂದು ಪಾಲು) ಸರಿದ್ರೆ ಒಂದು ಪಟ್ಟಿ. 1907ರಲ್ಲಿ ನೊಬೆಲ್ ಸಿಕ್ಕಿದ ಮೈಕೆಲ್ಸನ್ ಅವ್ರ ಉಪಾಯವೇ ಇದು, ಈಗ ಪೆಟ್ಟಿಗೆಯಲ್ಲಿ ಹಾಕಿ ಕೊಡ್ತಾರೆ ಅಷ್ಟೆ. ಸ್ಕ್ರೀನ್ ಮೇಲೆ ನ್ಯಾನೋಮೀಟರ್ ತನಕ ಅಂಕಿ ಓಡ್ತದೆ. ಅದನ್ನು ನೋಡಿ ಮರುಳಾಗುದು ಬೇಡ, ನಮ್ಮ ಶೆಡ್ಡಲ್ಲಿ ಕೊನೆಯ ಮೂರು ಅಂಕಿಗೆ ಮರ್ಯಾದೆ ಇಲ್ಲ.

ಇಲ್ಲಿ ನಿಜವಾದ ಶತ್ರು ಸೆಕೆ. ಅಳತೆಯ ಲೋಕದಲ್ಲಿ ಎಲ್ಲ ಉದ್ದವೂ 20 ಡಿಗ್ರಿಗೆ ಅಂತ ಲೆಕ್ಕ. ನಮ್ಮ ಶೆಡ್ಡಲ್ಲಿ ಏಪ್ರಿಲ್ ಮಧ್ಯಾಹ್ನ 20 ಡಿಗ್ರಿ ಅಂದ್ರೆ ಜನ ನಗ್ತಾರೆ. ಒಂದು ಕೇಸ್ ಹೇಳ್ತೇನೆ. ಅಲ್ಯೂಮಿನಿಯಂ ಪ್ಲೇಟಿನಲ್ಲಿ ಎರಡು ಬೋರ್ (ತೂತು), ಮಧ್ಯೆ 300 ಎಂಎಂ ಪಿಚ್, ಅಂದ್ರೆ ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ದೂರ. ಗಿರಾಕಿ ಕಡೆಯ ಎಸಿ ರೂಮಲ್ಲಿ ಸಿಎಂಎಂ (ಪೀಸ್ ಅಳೆಯುವ ಮಷಿನ್) ಮೇಲೆ ಇಟ್ರೆ ಪಿಚ್ ಮೂವತ್ತು ಚಿಲ್ಲರೆ ಮೈಕ್ರಾನ್ ಕಮ್ಮಿ, ಪ್ರತೀ ಪೀಸೂ ಹಾಗೆಯೇ. ಮಷಿನ್ ಸರ್ವಿಸ್‌ಗೆ ಬಂದವ್ರು ನೋಡಿದ್ದೇ ಬಾಲ್‌ಸ್ಕ್ರೂ (ತಿರುಗಿ ಟೇಬಲನ್ನು ಸರಿಸುವ ಉದ್ದ ಸ್ಕ್ರೂ) ಹೋಗಿದೆ ಅಂತ ಹೇಳಿ ಎಸ್ಟಿಮೇಟ್ ಕೈಗೆ ಕೊಟ್ರು. ಧಣಿಗಳ ಮುಖ ನೋಡ್ಬೇಕಿತ್ತು.

ಎಕ್ಸ್ ಆಕ್ಸಿಸ್‌ಗೆ ಲೇಸರ್ ಕಟ್ಟಿ, ಮೆಟೀರಿಯಲ್ ಸೆನ್ಸರ್ ಸ್ಕ್ರೂ ಬೇರಿಂಗ್ ಹೌಸಿಂಗ್ ಹತ್ರ ಅಂಟಿಸಿ, ಸ್ಟೀಲ್ ಡಿಗ್ರಿಗೆ ಮೀಟರಿಗೆ 11.7 ಮೈಕ್ರಾನ್ ಹಿಗ್ತದೆ ಅಂತ ಹಾಕಿ ಓಡಿಸಿದ್ರೆ ತಪ್ಪಿನ ಗ್ರಾಫ್ ಚಂದ ಉಂಟು. ಬಾಲ್‌ಸ್ಕ್ರೂ ಸವೆದಿದ್ರೆ ಹೆಚ್ಚು ಓಡಾಡುವ ನಡುಭಾಗದಲ್ಲಿ ಗೆರೆ ಕುಸೀಬೇಕು, ಹೋಗುವ ಗೆರೆ ಬರುವ ಗೆರೆ ಮಧ್ಯೆ ಅಂತರ ಅಲ್ಲೇ ಜಾಸ್ತಿ ಆಗ್ಬೇಕು. ಎರಡೂ ಇಲ್ಲ, ಈ ತುದಿಯಿಂದ ಆ ತುದಿಗೆ ಅಂತರ ಒಂದೇ. ಮತ್ತೆ ಕಳ್ಳ ಯಾರು? ಲೆಕ್ಕ ಮಾಡಿ ನೋಡಿ. ಶೆಡ್ 31 ಡಿಗ್ರಿ, ಸ್ಕ್ರೂ, ಜಾಬ್ ಎರಡೂ ಅದೇ ಬಿಸಿಯಲ್ಲಿ ಉಂಟು ಅಂತ ಇಟ್ಕೊಳ್ಳಿ. 20ಕ್ಕಿಂತ 11 ಡಿಗ್ರಿ ಮೇಲೆ. ಸ್ಟೀಲ್ ಸ್ಕ್ರೂ 300 ಎಂಎಂಗೆ ಸುಮಾರು 39 ಮೈಕ್ರಾನ್ ಹಿಗ್ತದೆ, ಅಲ್ಯೂಮಿನಿಯಂ ಡಿಗ್ರಿಗೆ ಮೀಟರಿಗೆ 23 ಮೈಕ್ರಾನ್ ಲೆಕ್ಕದಲ್ಲಿ ಸುಮಾರು 76. ಪೀಸ್ ಎಸಿ ರೂಮಿಗೆ ಹೋಗಿ ತಣ್ಣಗಾದ ಮೇಲೆ ಈ ಎರಡರ ವ್ಯತ್ಯಾಸ, 37 ಮೈಕ್ರಾನ್, ಪಿಚ್‌ನಲ್ಲಿ ಕಮ್ಮಿ ಬಂದೇ ಬರ್ತದೆ. ಬಾಲ್‌ಸ್ಕ್ರೂಗೂ ಇದಕ್ಕೂ ಸಂಬಂಧವೇ ಇಲ್ಲ ಮಾರಾಯ್ರೆ!

ಪ್ರೋಗ್ರಾಮಲ್ಲಿ ಪಿಚ್ 300.037 ಹಾಕಿ ಅಂದೆ. ನಮ್ಮ ಹಿರಿಯ ಆಪರೇಟರ್ ಒಬ್ರು, "ಸಾರ್, ಡ್ರಾಯಿಂಗಲ್ಲಿ 300 ಉಂಟು, ನೀವು ತಪ್ಪು ಹಾಕ್ಲಿಕ್ಕೆ ಹೇಳ್ತೀರಲ್ಲ, ನಾಳೆ ಕೇಳಿದ್ರೆ ನಿಮ್ಮ ಹೆಸರು ಹೇಳ್ತೇನೆ ಆಯ್ತಾ" ಅಂದ್ರು. ಹೇಳಿ ಅಂದೆ. ಪೀಸ್ ಪಾಸಾಯ್ತು. ಈಗ ಅವ್ರೇ ಬೆಳಿಗ್ಗೆ ಬಂದ ಕೂಡ್ಲೇ ಜಾಬ್‌ಗೂ ಟೇಬಲ್‌ಗೂ ಥರ್ಮಾಮೀಟರ್ ಇಟ್ಟು ಬೋರ್ಡಲ್ಲಿ ಬರೀತಾರೆ, ಮಳೆಗಾಲದಲ್ಲಿ ಆ 37 ನಡೆಯುದಿಲ್ಲ ಅಂತ ನಂಗೇ ನೆನಪು ಮಾಡ್ತಾರೆ.

ಗಾಳಿಯದ್ದೂ ಒಂದು ಕತೆ ಉಂಟು. ಬೆಳಕಿನ ತರಂಗಾಂತರ ಗಾಳಿ ಹೇಗಿದೆಯೋ ಹಾಗೆ ಬದಲಾಗ್ತದೆ. ಗಾಳಿಯ ಬಿಸಿ ಒಂದು ಡಿಗ್ರಿ ತಪ್ಪಿದ್ರೆ ಮೀಟರಿಗೆ ಸುಮಾರು ಒಂದು ಮೈಕ್ರಾನ್, ಒತ್ತಡ ಮೂರೂವರೆ ಮಿಲಿಬಾರ್ ತಪ್ಪಿದ್ರೂ ಅಷ್ಟೇ. ತೇವಾಂಶದ ಪಾಲು ತುಂಬ ಕಮ್ಮಿ, ನಮ್ಮೂರಿನ ಬೆವರು ನೋಡಿದ್ರೆ ಅದೇ ದೊಡ್ಡದು ಅನ್ನಿಸ್ತದೆ, ಅಲ್ಲ. ಕಿಟ್ ಜೊತೆ ಬರುವ ಕಾಂಪನ್ಸೇಟರ್ ಇದನ್ನೆಲ್ಲ ತಾನೇ ಓದಿ ಸರಿ ಮಾಡ್ತದೆ. ಆದ್ರೆ ಅದು ಹಾಳಾಗಿದೆ ಅಂತ ಕೈಯಲ್ಲಿ ಅಂಕಿ ಹಾಕುವವ್ರು ಉಂಟು, ಅಲ್ಲಿ ಜಾಗ್ರತೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲೆ, ಅಲ್ಲಿಗೂ ಪಣಂಬೂರು ಕಡಲ ಬದಿಗೂ ಗಾಳಿಯ ಒತ್ತಡದಲ್ಲಿ ನೂರರ ಹತ್ತಿರ ಮಿಲಿಬಾರ್ ವ್ಯತ್ಯಾಸ. ಬೆಂಗಳೂರಿನ ಅಂಕಿ ಹಾಗೇ ಬಿಟ್ಟು ಇಲ್ಲಿ ಅಳೆದ್ರೆ ಮೀಟರಿಗೆ 25 ಮೈಕ್ರಾನ್ ಮೇಲೆ ಸುಳ್ಳು. ಹೊರಗಿನಿಂದ ಅಳೀಲಿಕ್ಕೆ ಬಂದವ್ರ ಲ್ಯಾಪ್‌ಟಾಪಲ್ಲಿ ಒತ್ತಡದ ಅಂಕಿ ಎಷ್ಟುಂಟು ಅಂತ ಒಮ್ಮೆ ಬಗ್ಗಿ ನೋಡಿ, ನಾಚಿಕೆ ಪಡುದು ಬೇಡ.

ಈಗ ಸ್ಟ್ಯಾಟಿಸ್ಟಿಕ್ಸ್. ಇದಕ್ಕೇ ನಾನು ಇಷ್ಟುದ್ದ ಬರೀಲಿಕ್ಕೆ ಕೂತದ್ದು. ಅನ್ನ ಬೆಂದಿದೆಯಾ ನೋಡ್ಲಿಕ್ಕೆ ಒಂದು ಅಗುಳು ಸಾಕು, ಮಷಿನ್‌ಗೆ ಸಾಕಾಗುದಿಲ್ಲ. ಒಂದೇ ಸಲ ಓಡಿಸಿ ಗ್ರಾಫ್ ತೆಗೆದು "ಮೂರು ಮೈಕ್ರಾನ್ ಸಾರ್" ಅಂತ ರಿಪೋರ್ಟ್ ಕೊಟ್ಟು ಹೋಗುವವ್ರು ತುಂಬ ಜನ ಇದ್ದಾರೆ. ಐಎಸ್‌ಒ 230-2, ಅಂದ್ರೆ ಮಷಿನ್ ಆಕ್ಯುರೆಸಿ ಅಳೆಯುವ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್, ಅದರ ಪ್ರಕಾರ ಎರಡು ಮೀಟರ್ ತನಕದ ಆಕ್ಸಿಸ್‌ಗೆ ಮೀಟರಿಗೆ ಕನಿಷ್ಠ ಐದು ಜಾಗ, ಒಂದೊಂದು ಜಾಗಕ್ಕೂ ಎರಡೂ ದಿಕ್ಕಿನಿಂದ ಐದೈದು ಸಲ. ಸರಾಸರಿ ಒಂದೇ ಅಲ್ಲ, ಅದರ ಮೇಲೆ ಕೆಳಗೆ ಎರಡೆರಡು ಸ್ಟ್ಯಾಂಡರ್ಡ್ ಡೀವಿಯೇಶನ್ (ರೀಡಿಂಗ್ ಎಷ್ಟು ಚೆದುರಿದೆ ಅನ್ನುವ ಅಂಕಿ) ಸೇರಿಸಿ, ಇಡೀ ಆಕ್ಸಿಸ್‌ನಲ್ಲಿ ಎಲ್ಲಕ್ಕಿಂತ ಮೇಲಿನದ್ದಕ್ಕೂ ಎಲ್ಲಕ್ಕಿಂತ ಕೆಳಗಿನದ್ದಕ್ಕೂ ಇರುವ ಅಂತರವೇ ಆಕ್ಯುರೆಸಿ. ಹಾಗಾಗಿ ಒಂದೇ ಮಷಿನ್‌ಗೆ ಒಂದು ಸ್ಟ್ಯಾಂಡರ್ಡಲ್ಲಿ ಒಂದು ಅಂಕಿ, ಇನ್ನೊಂದರಲ್ಲಿ ಇನ್ನೊಂದು. ಕ್ಯಾಟಲಾಗಲ್ಲಿ ಆಕ್ಯುರೆಸಿ ದೊಡ್ಡ ಅಕ್ಷರದಲ್ಲಿ ಬರೆದು ಸ್ಟ್ಯಾಂಡರ್ಡ್ ಹೆಸರು ಬರೀದೇ ಇದ್ರೆ ಆ ಅಂಕಿಗೆ ಅರ್ಥವೇ ಇಲ್ಲ.

ಜಾಗಗಳನ್ನು ಸರಿಯಾಗಿ ಐವತ್ತು, ನೂರು, ನೂರೈವತ್ತು ಅಂತ ಇಡಬಾರ್ದು ಅಂತಲೂ ಆ ಐಎಸ್‌ಒದಲ್ಲಿ ಉಂಟು, ಸ್ವಲ್ಪ ಆಚೆ ಈಚೆ ಮಾಡಿ ಇಡ್ಬೇಕು. ಎಂತಕ್ಕೆ? ಸ್ಕ್ರೂ ಪಿಚ್ (ಒಂದು ಸುತ್ತಿಗೆ ಟೇಬಲ್ ಸರಿಯುವ ದೂರ) 10 ಎಂಎಂ ಆದ್ರೆ ಪ್ರತೀ ಐವತ್ತಕ್ಕೂ ಸ್ಕ್ರೂ ಅದೇ ಕೋನದಲ್ಲಿ ಬಂದು ನಿಲ್ತದೆ, ಒಂದು ಸುತ್ತಿನೊಳಗೆ ಏರಿಳಿಯುವ ತಪ್ಪು ಕಣ್ಣಿಗೇ ಬೀಳುದಿಲ್ಲ. ಇದನ್ನು ನಮ್ಮ ಹುಡುಗರಿಗೆ ಹೇಳಿದಾಗ ಮಾತ್ರ ಎಲ್ರೂ ಒಂದೇ ಸಲ ತಲೆ ಆಡಿಸಿದ್ದು, ಉಳಿದದ್ದಕ್ಕೆ ಮೊಬೈಲ್ ನೋಡ್ತಿದ್ರು.

ಇನ್ನೊಂದು ವಿಷಯ ರಿಪೋರ್ಟಲ್ಲಿ ಯಾರೂ ಬರೆಯುದಿಲ್ಲ. ಐದು ರೀಡಿಂಗಿನಿಂದ ತೆಗೆದ ಸ್ಟ್ಯಾಂಡರ್ಡ್ ಡೀವಿಯೇಶನ್ ಅಂದ್ರೆ ಅದೂ ಒಂದು ಅಂದಾಜು. ಲೆಕ್ಕದಲ್ಲಿ 1 ಮೈಕ್ರಾನ್ ಬಂದ್ರೆ ನಿಜವಾದದ್ದು 0.6ರಿಂದ 2.9ರ ಮಧ್ಯೆ ಎಲ್ಲಿಯೂ ಇರಬಹುದು, 95 ಪರ್ಸೆಂಟ್ ಭರವಸೆ ಇಟ್ಟು ಹೇಳಿದ್ರೂ ಇಷ್ಟು ಅಗಲ. ಅಂದ್ರೆ ಹೋದ ಸಲ ರಿಪೀಟೆಬಿಲಿಟಿ (ಅದೇ ಜಾಗಕ್ಕೆ ಮತ್ತೆ ಮತ್ತೆ ಬಂದಾಗ ಆಗುವ ವ್ಯತ್ಯಾಸ) 4 ಇತ್ತು, ಈ ಸಲ 6 ಬಂತು, ಮಷಿನ್ ಹಾಳಾಯ್ತು ಅಂತ ಗಲಾಟೆ ಮಾಡುದಕ್ಕೆ ಆಧಾರ ಇಲ್ಲ. ಮತ್ತೆ ಆ ಐದು ಓಟವನ್ನು ಓಡಿಸಿದ ಕ್ರಮದಲ್ಲೇ ಹಾಕಿ ನೋಡ್ಬೇಕು. ಮೊದಲನೇದು, ಎರಡನೇದು, ಮೂರನೇದು ಅಂತ ಒಂದೇ ಕಡೆಗೆ ಸರೀತಾ ಹೋದ್ರೆ ಅದು ಚೆಲ್ಲಾಪಿಲ್ಲಿ ಅಲ್ಲ, ಸ್ಕ್ರೂ ಬಿಸಿಯಾಗಿ ಉದ್ದ ಆಗ್ತಾ ಉಂಟು ಅಂತ. ಸಾಫ್ಟ್‌ವೇರ್‌ಗೆ ಅದು ಗೊತ್ತಾಗುದಿಲ್ಲ, ಎಲ್ಲವನ್ನೂ ಒಟ್ಟಿಗೆ ಹಾಕಿ ಡೀವಿಯೇಶನ್ ಅಂತ ಕೊಡ್ತದೆ. ವೆಸ್ಟರ್ನ್ ಎಲೆಕ್ಟ್ರಿಕ್‌ನಲ್ಲಿದ್ದ ಶೂಹಾರ್ಟ್ 1924ರಲ್ಲಿ ಕಂಟ್ರೋಲ್ ಚಾರ್ಟ್ (ಮೇಲೆ ಕೆಳಗೆ ಮಿತಿಯ ಗೆರೆ ಇರುವ ಗ್ರಾಫ್) ಮಾಡಿದ್ದೇ ಸಮಯದ ಕ್ರಮದಲ್ಲಿ ನೋಡಿ ಅಂತ, ನೂರು ವರ್ಷ ಆದ್ರೂ ಕಿಟ್ ಕಂಪನಿಯವ್ರ ಸಾಫ್ಟ್‌ವೇರಲ್ಲಿ ಆ ಗ್ರಾಫಿಗೆ ಒಂದು ಬಟನ್ ಇಲ್ಲ, ನಾವು ಎಕ್ಸೆಲ್‌ಗೆ ಹಾಕಿ ಮಾಡುದು.

ಶುರುವಲ್ಲಿ ಹೇಳಿದ ಮುಟ್ಟದೆ ಬಿಡುವ ಧೈರ್ಯ ಇಲ್ಲಿಂದಲೇ ಬಂದದ್ದು. ಪ್ರತೀ ಸಲ ಅಳೆದಾಗ ಬಂದ ತಪ್ಪನ್ನು ಮಷಿನ್ ಕಂಟ್ರೋಲಿನ ತಿದ್ದುಪಡಿ ಪಟ್ಟಿಗೆ, ಅಂದ್ರೆ ಪಿಚ್ ಎರರ್ ಟೇಬಲ್‌ಗೆ ಹಾಕಿ ಸರಿ ಮಾಡ್ತಾ ಹೋದ್ರೆ, ಆ ತಪ್ಪು ಬರೀ ಆಕಸ್ಮಿಕ ಏರಿಳಿತ ಆಗಿದ್ರೆ, ಒಟ್ಟು ಚೆಲ್ಲಾಟ ಕಮ್ಮಿ ಆಗುದಿಲ್ಲ, ಸ್ಟ್ಯಾಂಡರ್ಡ್ ಡೀವಿಯೇಶನ್ 1.4 ಪಟ್ಟು ಜಾಸ್ತಿ ಆಗ್ತದೆ. ಕ್ವಾಲಿಟಿ ಗುರು ಡೆಮಿಂಗ್ ಒಂದು ಫನೆಲ್‌ನಿಂದ ಗೋಲಿ ಬೀಳಿಸಿ ಇದನ್ನೇ ತೋರಿಸ್ತಿದ್ರು. ನಾವೀಗ ಒಂದೊಂದು ಮಷಿನ್‌ಗೂ ಮೂರು ತಿಂಗಳಿಗೊಮ್ಮೆ ರಿವರ್ಸಲ್ (ಹೋಗುವ ಗೆರೆ ಬರುವ ಗೆರೆ ಮಧ್ಯದ ಅಂತರ) ಮತ್ತು ಗ್ರಾಫಿನ ಇಳಿಜಾರಿನ ಅಂಕಿಯನ್ನು ಚಾರ್ಟಿಗೆ ಹಾಕ್ತೇವೆ, ಮಿತಿಯ ಗೆರೆ ದಾಟಿದ್ರೆ ಮಾತ್ರ ಆ ತಿದ್ದುಪಡಿ ಪಟ್ಟಿ ಮುಟ್ಟುದು. ಮಧ್ಯದಲ್ಲಿ ಸಂಶಯ ಬಂದ್ರೆ ಬಾಲ್‌ಬಾರ್ (ಮಷಿನ್ ವೃತ್ತದಲ್ಲಿ ಸರಿಯಾಗಿ ಓಡ್ತದಾ ಅಂತ ನೋಡುವ ಕೋಲು) ಹಾಕಿದ್ರೆ ಹತ್ತು ನಿಮಿಷದಲ್ಲಿ ಕೆಲಸ ಮುಗೀತದೆ, ಲೇಸರ್ ಬಿಚ್ಚುದೇ ಬೇಡ.

ಬೈಗುಳಕ್ಕೂ ಜಾಗ ಉಂಟು. ಒಂದನೇದು ಮಳೆಗಾಲ. ಜೂನ್ ಬಂತು ಅಂದ್ರೆ ಆಪ್ಟಿಕ್ಸ್ ಮೇಲೆ ಫಂಗಸ್. ಗಾಜಿನ ಮೇಲೆ ಜೇಡನ ಬಲೆಯ ಹಾಗೆ ಬಿಳಿ ಎಳೆ, ಟಾರ್ಚ್ ಅಡ್ಡ ಹಿಡಿದ್ರೆ ಕಾಣ್ತದೆ, ಸಿಗ್ನಲ್ ಬಾರ್ ಅರ್ಧಕ್ಕೆ ಇಳೀತದೆ. ಜೊತೆಗೆ ಕೊಟ್ಟ ಸ್ಪಂಜಿನ ಪೆಟ್ಟಿಗೆಯೇ ತೇವ ಹೀರಿ ಇಟ್ಕೊಳ್ತದೆ, ಚಂದ ಕಾಣ್ತದೆ ಅಷ್ಟೆ. ನಾವು ಕ್ಯಾಮೆರಾದವ್ರು ಇಡುವಂಥ ಡ್ರೈ ಕ್ಯಾಬಿನೆಟ್ ತಂದು ಅದ್ರಲ್ಲಿ ಇಟ್ಟ ಮೇಲೆ ನೆಮ್ಮದಿ. ಎರಡನೇದು, ಬಂದರಿಗೆ ಹೋಗುವ ಲೋಡ್ ಲಾರಿಗಳು. ಹೆದ್ದಾರಿ ಬದಿಯ ಶೆಡ್ ಆದ್ರೆ ಅಂಕಿ ನಡುಗ್ತಾ ಇರ್ತದೆ, ಆವರೇಜಿಂಗ್ ಟೈಮ್ ಜಾಸ್ತಿ ಇಟ್ಟು ನಾವು ರಾತ್ರಿ ಪಾಳಿಯಲ್ಲಿ ಅಳೆಯುದು. ಝಡ್ ಆಕ್ಸಿಸ್ ಅಲೈನ್ಮೆಂಟ್ ಅಂತೂ ಕೇಳ್ಬೇಡಿ, ಬೀಮ್ ಮೇಲೆ ತಿರುಗಿಸುವ ಕನ್ನಡಿ ಕೂದಲೆಳೆಯಷ್ಟು ಅಲ್ಲಾಡಿದ್ರೂ ಸಿಗ್ನಲ್ ಹೋಯ್ತು. ಬೀಮ್ ಮೀಟರಿಗೆ ಒಂದು ಎಂಎಂ ಓರೆ ಇದ್ರೆ ಅರ್ಧ ಮೈಕ್ರಾನ್ ಮಾತ್ರ ತಪ್ಪು, ಅದಕ್ಕೆ ಜಾಸ್ತಿ ತಲೆ ಕೆಡಿಸ್ಕೊಳ್ಳುದಿಲ್ಲ ನಾನು. ರಿಫ್ಲೆಕ್ಟರನ್ನು ಟೂಲ್ ಕೆಲಸ ಮಾಡುವ ಎತ್ತರಕ್ಕೆ ಇಡದೇ ಇದ್ರೆ ಮಾತ್ರ ಕೆಡ್ತದೆ, ಟೇಬಲ್ 10 ಆರ್ಕ್ ಸೆಕೆಂಡ್ (ಕೋನದ ಒಂದು ಡಿಗ್ರಿಯ 3600ರಲ್ಲಿ ಹತ್ತು ಪಾಲು) ತಲೆ ಎತ್ತಿದ್ರೆ 100 ಎಂಎಂ ಎತ್ತರದ ವ್ಯತ್ಯಾಸಕ್ಕೆ ಸುಮಾರು 5 ಮೈಕ್ರಾನ್. ಕ್ಯಾಲಿಬ್ರೇಶನ್‌ಗೆ ಕಳಿಸಿದ್ರೆ ವಾಪಸ್ ಬರ್ಲಿಕ್ಕೆ ವಾರಗಟ್ಟಲೆ, ಫೋನ್ ಮಾಡಿದ್ರೆ "ನಾಳೆ ಡಿಸ್ಪ್ಯಾಚ್ ಸಾರ್". ಆ ನಾಳೆ ಯಾವತ್ತಿನದ್ದು ಅಂತ ಕೇಳಬಾರ್ದು.

ತಗೊಳ್ಬಹುದಾ ಅಂತ ಕೇಳಿದ್ರೆ, ಒಂದೆರಡು ವಿಎಂಸಿ ಇರುವವ್ರಿಗೆ ಬೇಡ. ಲಕ್ಷಗಳ ಲೆಕ್ಕ ಅದು, ವರ್ಷಕ್ಕೊಮ್ಮೆ ಬಾಡಿಗೆಗೆ ಕರೆಸಿ. ಆದ್ರೆ ಕರೆಸುವಾಗ ಐದೈದು ಓಟ ಎರಡೂ ದಿಕ್ಕು, ಕಚ್ಚಾ ರೀಡಿಂಗಿನ ಫೈಲು, ಗಾಳಿ ಮತ್ತು ಮೆಟೀರಿಯಲ್ ಬಿಸಿಯ ಅಂಕಿ ಇಷ್ಟನ್ನು ವರ್ಕ್ ಆರ್ಡರ್‌ನಲ್ಲೇ ಬರೆಸಿಕೊಳ್ಳಿ, ಬರೀ ಪಿಡಿಎಫ್ ಸರ್ಟಿಫಿಕೇಟ್ ಕೊಟ್ರೆ ಬಿಲ್ ಪಾಸ್ ಮಾಡ್ಬೇಡಿ. ಹತ್ತು ಹನ್ನೆರಡು ಮಷಿನ್ ಇದ್ದು, ಚಾರ್ಟ್ ಹಾಕುವ ತಾಳ್ಮೆ ಇರುವ ಒಬ್ಬ ಮನುಷ್ಯ ಇದ್ರೆ ತಗೊಳ್ಳಿ. ಆ ಮನುಷ್ಯ ಇಲ್ಲದಿದ್ರೆ ಕಿಟ್ಟಿನ ದುಡ್ಡಲ್ಲಿ ಇನ್‌ಸ್ಪೆಕ್ಷನ್ ರೂಮಿಗೆ ಒಳ್ಳೆ ಎಸಿ ಹಾಕಿಸಿ. ನಮ್ಮದಕ್ಕೆ ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೇನೆ, ಕಟ್ ಮಾಡಿದ ಒಂದು ಆ ಸ್ಪಂಜಿನ ಪೆಟ್ಟಿಗೆಗೆ.