ಫ್ರೀಕ್ಯಾಡ್ 1.0ರ ಹೋಲ್ ಟೂಲ್: ತೂತು ಸಲೀಸು, ಬರೆಯೋ ಕೆಲಸ ನಮ್ಮದು

ಪೀಣ್ಯದಲ್ಲಿ ಫಿಕ್ಸ್ಚರ್ (ಮಷಿನ್ ಮೇಲೆ ಕೆಲಸದ ತುಂಡನ್ನು ಅಲುಗದಂತೆ ಹಿಡಿಯುವ ಸಾಧನ) ಡಿಸೈನ್ ಮಾಡುತ್ತೇನೆ. ಒಂದು ರೂಮು, ಒಂದು ಕಂಪ್ಯೂಟರು. ವರ್ಷ ವರ್ಷ ಲೈಸೆನ್ಸ್‌ಗೆ ದುಡ್ಡು ಹೊಂದಿಸೋದು ಕಷ್ಟವಾಗಿತ್ತು. 2024ರ ನವೆಂಬರ್‌ನಲ್ಲಿ ಫ್ರೀಕ್ಯಾಡ್ ಅನ್ನೋ ಥ್ರೀಡಿ ಡಿಸೈನ್ ಸಾಫ್ಟ್‌ವೇರ್‌ನ 1.0 ಬಂತು, ಪೂರ್ತಿ ಉಚಿತ, ನಾನು ಅದಕ್ಕೇ ಬಂದುಬಿಟ್ಟೆ. ಫಿಕ್ಸ್ಚರ್ ಅಂದರೆ ಮುಕ್ಕಾಲು ಪಾಲು ಟ್ಯಾಪ್ ತೂತುಗಳೇ, ಅಂದರೆ ಬೋಲ್ಟ್ ಕೂರಲು ಒಳಗೆ ಥ್ರೆಡ್ ಕೊರೆದ ತೂತುಗಳೇ ಅಲ್ವಾ? ಹಾಗಾಗಿ ಇಲ್ಲಿ ಬರೆಯುತ್ತಿರುವುದು ಅದೊಂದರ ಬಗ್ಗೆ ಮಾತ್ರ.

ಮೊದಲು ಮೆಚ್ಚಿಕೊಂಡದ್ದು. ಸ್ಕೆಚ್‌ನಲ್ಲಿ ನಾಲ್ಕು ವೃತ್ತ ಹಾಕಿ ಹೋಲ್ ಟೂಲ್ ಒತ್ತಿದರೆ ನಾಲ್ಕೂ ತೂತು ಒಟ್ಟಿಗೆ ಬರುತ್ತವೆ. ವೃತ್ತದ ಅಳತೆ ಎಷ್ಟಿದ್ದರೂ ಪರವಾಗಿಲ್ಲ, ಅದು ನೋಡೋದು ಸೆಂಟರ್ ಮಾತ್ರ. ಐಎಸ್‌ಒ ಮೆಟ್ರಿಕ್ ಆರಿಸಿ, ಥ್ರೆಡೆಡ್ ಟಿಕ್ ಮಾಡಿ, ಎಂ8×1.25 (8 ಮಿ.ಮೀ. ಬೋಲ್ಟ್, ಥ್ರೆಡ್‌ಗಳ ಅಂತರ 1.25) ಕೊಟ್ಟರೆ ತೂತು ತಾನಾಗೇ 6.8 ಮಿ.ಮೀ.ಗೆ ಬಂದು ನಿಲ್ಲುತ್ತದೆ. ಯಾವ ಥ್ರೆಡ್‌ಗೆ ಎಷ್ಟು ತೂತು ಅಂತ ಹೇಳುವ ಟ್ಯಾಪ್ ಡ್ರಿಲ್ ಚಾರ್ಟ್ ನೋಡುವ ಕೆಲಸವೇ ಇಲ್ಲ. ಟಿಕ್ ತೆಗೆದರೆ ಅದೇ ಬೋಲ್ಟ್‌ಗೆ ಸಲೀಸಾಗಿ ತೂರುವಷ್ಟು 9 ಮಿ.ಮೀ. ಕ್ಲಿಯರೆನ್ಸ್ ತೂತು.

ನನಗೆ ನಿಜಕ್ಕೂ ಖುಷಿ ಕೊಟ್ಟದ್ದು ಆಳದ ಲೆಕ್ಕ. ಬ್ಲೈಂಡ್ ಹೋಲ್‌ನಲ್ಲಿ (ಆಚೆ ತೂರದ ತೂತು) ಟ್ಯಾಪ್, ಅಂದರೆ ಥ್ರೆಡ್ ಕೊರೆಯುವ ಟೂಲ್, ತಳದವರೆಗೂ ಕತ್ತರಿಸೋದಿಲ್ಲ, ಕೆಳಗೆ ಜಾಗ ಬಿಡಬೇಕು. ಥ್ರೆಡ್ ಆಳದ ಪಟ್ಟಿಯಲ್ಲಿ ಡಿಐಎನ್ 76 (ಈ ಜಾಗ ಎಷ್ಟಿರಬೇಕು ಅನ್ನೋ ಜರ್ಮನ್ ಮಾನಕ) ಆರಿಸಿ, ತೂತಿನ ಆಳ 22.2 ಕೊಟ್ಟೆ. ಥ್ರೆಡ್ 16ಕ್ಕೆ ನಿಂತಿತು, 6.2 ಮಿ.ಮೀ. ಅದೇ ಬಿಟ್ಟುಕೊಂಡಿತು. ಮಾಡೆಲ್ ಸೀಳಿ ನೋಡಿದರೆ ಡ್ರಿಲ್ಲಿನ 118 ಡಿಗ್ರಿ ಮೊನೆ ಇನ್ನೂ 2 ಮಿ.ಮೀ. ಕೆಳಗೆ ಹೋಗಿತ್ತು. 25 ಮಿ.ಮೀ. ದಪ್ಪದ ಪ್ಲೇಟು, ಅಡಿಯಲ್ಲಿ ಉಳಿದದ್ದು ಮುಕ್ಕಾಲು ಮಿ.ಮೀ.! ಆವತ್ತೇ ಪ್ಲೇಟನ್ನು 30 ಮಾಡಿದೆ.

ಮಾಡೆಲ್ ಥ್ರೆಡ್ ಅಂತ ಇನ್ನೊಂದು ಟಿಕ್ ಇದೆ. ಥ್ರೆಡ್‌ನ ಸುರುಳಿಯನ್ನೇ ಕೊರೆದು ತೋರಿಸುತ್ತದೆ. ನೋಡಲು ಚೆಂದ, ಆದರೆ ತೂತು ಜಾಸ್ತಿ ಇದ್ದರೆ ಕಂಪ್ಯೂಟರ್ ಏದುಸಿರು ಬಿಡುತ್ತದೆ. ಥ್ರೀಡಿ ಪ್ರಿಂಟ್ ಮಾಡುವವರಿಗೆ ಬೇಕು, ಟ್ಯಾಪ್ ಹೊಡೆಸುವವರಿಗೆ ಬೇಡ.

ಇನ್ನು ಡ್ರಾಯಿಂಗ್, ಅಂದರೆ ಮಾಡೆಲ್‌ನಿಂದ ಅಳತೆಯ ಹಾಳೆ ಮಾಡುವ ಭಾಗ, ಟೆಕ್‌ಡ್ರಾ. ನನಗೆ ಪೆಟ್ಟು ಬಿದ್ದದ್ದು ಇಲ್ಲೇ. 1.0ರಲ್ಲಿ ತೂತಿಗೆ ಡಯಾ ಅಳತೆ ಹಾಕಿದರೆ 6.80 ಅಂತ ಬರುತ್ತದೆ, ಅಷ್ಟೇ. ಹೋಲ್ ಟೂಲ್‌ಗೆ ಎಂ8 ಅಂತ ಗೊತ್ತಿದ್ದರೂ ಆ ಮಾಹಿತಿ ಹಾಳೆಯ ಮೇಲೆ ಬರೋದಿಲ್ಲ. ಮೊದಲ ತಿಂಗಳು ನಾನು ಇದನ್ನು ಗಮನಿಸದೆ ಮಷಿನ್ ಶಾಪಿಗೆ ಪಿಡಿಎಫ್ ಕಳಿಸಿಬಿಟ್ಟೆ. ಮಾಡಿಸಿದ ಜಾಬ್ ತರಲು ಹೋದಾಗ ತೂತುಗಳು ಕನ್ನಡಿ ಹಾಗೆ ನುಣ್ಣಗಿದ್ದವು, ಒಂದಕ್ಕೂ ಟ್ಯಾಪ್ ಇಲ್ಲ. ಮಷಿನ್ ಮೇಲಿದ್ದ ಹಿರಿಯರು ಡ್ರಾಯಿಂಗ್ ಹಾಳೆ ಬಿಡಿಸಿ ತೋರಿಸಿದರು. "ನೋಡಿ ಮೇಡಮ್, ಆರು ಪಾಯಿಂಟ್ ಎಂಟು ಅಂತಷ್ಟೇ ಇದೆ. ನೀವು ಬರೆದಿದ್ರೆ ತಾನೆ ನಾವು ಟ್ಯಾಪ್ ಹೊಡೆಯೋದು?" ಅವರು ಹೇಳಿದ್ದು ಸರಿಯಾಗೇ ಇತ್ತು. ಹದಿನಾರು ತೂತನ್ನೂ ಆಮೇಲೆ ಕೈಯಲ್ಲೇ ಟ್ಯಾಪ್ ಮಾಡಿಕೊಟ್ಟರು, ಸಂಜೆ ಏಳಾಯಿತು.

ಈಗ ಅಳತೆಯ ಮೇಲೆ ಡಬಲ್ ಕ್ಲಿಕ್ ಮಾಡಿ, ಆರ್ಬಿಟ್ರರಿ ಟೆಕ್ಸ್ಟ್ ಟಿಕ್ ಹಾಕಿ, "4×ಎಂ8×1.25-6ಎಚ್, ಥ್ರೆಡ್ ಆಳ 16, ಡ್ರಿಲ್ 22.2" ಅಂತ ನಾನೇ ಬರೆಯುತ್ತೇನೆ (6ಎಚ್ ಅಂದರೆ ಥ್ರೆಡ್ ಅಳತೆಯಲ್ಲಿ ಎಷ್ಟು ಹೆಚ್ಚುಕಡಿಮೆ ನಡೆಯುತ್ತದೆ ಅನ್ನೋ ದರ್ಜೆ). ತೂತಿನ ಸುತ್ತ ಮುಕ್ಕಾಲು ಸುತ್ತಿನ ತೆಳು ಗೆರೆ ಎಳೆಯಲು ಬೇರೆ ಬಟನ್ ಇದೆ. ವೃತ್ತ ಆರಿಸಿ ಒತ್ತಿದರೆ ಸಾಕು. ಆ ಗೆರೆ ಕಂಡರೆ ಮಷಿನ್‌ನವರಿಗೆ ಥ್ರೆಡ್ ಅಂತ ದೂರದಿಂದಲೇ ಗೊತ್ತಾಗುತ್ತದೆ. ಅದನ್ನು ಬಿಡಲೇಬೇಡಿ.

ಒಂದು ಎಚ್ಚರ. ಹೀಗೆ ಬರೆದದ್ದು ಬರೀ ಅಕ್ಷರ. ಮಾಡೆಲ್‌ನಲ್ಲಿ ಎಂ8 ತೆಗೆದು ಎಂ10 ಮಾಡಿದರೆ ತೂತು 8.5 ಆಗುತ್ತದೆ, ಬರಹ ಎಂ8 ಅಂತಲೇ ಕೂತಿರುತ್ತದೆ. ಈ ಒಂದು ಕಾರಣಕ್ಕೆ ಐದಕ್ಕೆ ನಾಲ್ಕು ಸ್ಟಾರ್. ಒಬ್ಬರೇ ಕೆಲಸ ಮಾಡುವವರಿಗೆ, ಐಟಿಐ, ಡಿಪ್ಲೊಮಾ ಓದುವ ಮಕ್ಕಳಿಗೆ ಕಣ್ಣು ಮುಚ್ಚಿ ಹೇಳುತ್ತೇನೆ, ಹಾಕಿಕೊಳ್ಳಿ. ದಿನಕ್ಕೆ ಐವತ್ತು ಡ್ರಾಯಿಂಗ್ ಹೊರಡುವ ಆಫೀಸಿಗೆ ಹೇಳಲಾರೆ. ನಾನಂತೂ ಪಿಡಿಎಫ್ ಮಾಡುವ ಮುಂಚೆ ಒಂದೊಂದೇ ಹೋಲ್ ತೆರೆದು, ಪ್ರಿಂಟ್ ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ಟಿಕ್ ಹಾಕಿಕೊಂಡೇ ಕಳಿಸುತ್ತೇನೆ.